ಆರು ವರ್ಷದ ರೈಲು, ಎಂಬತ್ತು ವರ್ಷದ ಬಳಸುದಾರಿ

ಅಂಧೇರಿಯಿಂದ ಕುರ್ಲಾಕ್ಕೆ ನೇರ ದಾರಿಯ ಲೋಕಲ್ ಗಾಡಿ ಏಕಿಲ್ಲವೆಂದು ಒಮ್ಮೆಯಾದರೂ ಕೇಳದ ಕೆಲಸಗಾರ ನಮ್ಮಲ್ಲಿ ಇರಲಾರ. ಆ ಗಾಡಿ ಹಿಂದೆಂದೂ ಇರಲಿಲ್ಲವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಗಾಡಿ ಇತ್ತು; ಇದ್ದುದನ್ನು ನಿಲ್ಲಿಸಿ ಹಳಿಯನ್ನೇ ಕಿತ್ತರು.

1928ರಲ್ಲಿ ಅಂಧೇರಿಯಿಂದ ಕುರ್ಲಾದ ಮೇಲೆ ಟ್ರಾಂಬೆಯವರೆಗೆ ಸುಮಾರು 13 ಕಿಲೋಮೀಟರಿನ ರೈಲುದಾರಿ ತೆರೆಯಿತು. ಅದನ್ನು ನಡೆಸಿದ್ದು ಜಿ.ಐ.ಪಿ. ರೈಲ್ವೆ. ಸೆಂಟ್ರಲ್ ಸಾಲ್ಸೆಟ್ ಟ್ರಾಂವೇ ಎಂದೂ ಅದನ್ನು ಕರೆಯುತ್ತಿದ್ದರು. ಕೋಳೆಕಲ್ಯಾಣ, ಸಹಾರ್ ಮೊದಲಾದವು ಆಗ ಬರಿಯ ಹಳ್ಳಿಗಳು. ಸುತ್ತ ಗದ್ದೆ, ತೋಟ, ಉಪ್ಪುನೀರಿನ ಜೌಗು. ಆ ಸೀಮೆಗೆ ಬಂದ ಗಾಡಿ ಆರೇ ವರ್ಷ ಬಾಳಿತು. 1934ರಲ್ಲಿ ಕುರ್ಲಾ-ಅಂಧೇರಿಯ ತುಂಡು ಮುಚ್ಚಿತು, ಚಿಕ್ಕ ಚಿಕ್ಕ ನಿಲ್ದಾಣಗಳು ಅಳಿದವು. ಹಳಿ ಹಾದಿದ್ದ ನೆಲದ ಒಂದು ಪಾಲು ಇಂದು ವಿಮಾನ ನಿಲ್ದಾಣದ ಆವರಣದೊಳಗಿದೆ.

ಇದರ ಬೆಲೆಯನ್ನು ತೆತ್ತವರು ಯಾರು? ಮುಂಬಯಿಯ ಲೋಕಲ್ ರೈಲುಗಳು ಹೆಚ್ಚಾಗಿ ತೆಂಕಣಿಂದ ಬಡಗಣಕ್ಕೆ ಓಡುತ್ತವೆ. ಪಡುವಣಿಂದ ಮೂಡಣಕ್ಕೆ ಹೋಗಬೇಕಾದವನು ಅಂಧೇರಿಯಲ್ಲಿ ಹತ್ತಿ, ದಾದರಿಗೆ ಇಳಿದು, ಸೇತುವೆ ದಾಟಿ, ಇನ್ನೊಂದು ಗಾಡಿಯಲ್ಲಿ ಕುರ್ಲಾಕ್ಕೆ ಹಿಂತಿರುಗಬೇಕಿತ್ತು. ಇಲ್ಲವೆ ಅಂಧೇರಿ-ಕುರ್ಲಾ ರಸ್ತೆಯ ಬಸ್ಸಿನಲ್ಲಿ ನಿಂತು ಬೇಯಬೇಕಿತ್ತು. ಮೋಟಾರಿದ್ದ ಧಣಿಗೆ ಈ ಕಷ್ಟ ತಟ್ಟಲಿಲ್ಲ. ಸಾಕಿನಾಕಾ, ಮರೋಳಗಳ ಕಾರಖಾನೆಗಳಲ್ಲಿ ದುಡಿದವರಿಗೆ, ಬೆಳಗಿನ ಇಡ್ಲಿಗೆ ಅಕ್ಕಿ ರುಬ್ಬಬೇಕಾದ ನಮ್ಮ ಹೋಟೆಲು ಹುಡುಗರಿಗೆ ತಟ್ಟಿತು. 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿ, ಪರಳ-ಲಾಲಬಾಗದ ಚಾಳು ಬಿಟ್ಟು ಉಪನಗರಗಳಲ್ಲಿ ಹೊಸ ಕೆಲಸ ಹುಡುಕಿದ ಅಣ್ಣಂದಿರಿಗೂ ತಟ್ಟಿತು.

2014ರ ಜೂನಿನಲ್ಲಿ ವರ್ಸೋವಾ-ಅಂಧೇರಿ-ಘಾಟಕೋಪರ ಮೆಟ್ರೋ ಓಡಿತು. ಅದರ ಉದ್ದ 11.4 ಕಿಲೋಮೀಟರು, ನಿಲ್ದಾಣ 12. ಅಂದರೆ ಅಂಧೇರಿಯಿಂದ ಮೂಡಣಕ್ಕೆ ಮತ್ತೆ ಹಳಿ ಹಾಕಲು ನಗರಕ್ಕೆ ಎಂಬತ್ತು ವರ್ಷ ಬೇಕಾಯಿತು. ನೆಲದ ಮೇಲಿದ್ದ ದಾರಿಯನ್ನು ಕಳೆದುಕೊಂಡವರು ಆಕಾಶದಲ್ಲಿ ಕಂಬ ನೆಟ್ಟು ದಾರಿ ಮಾಡಬೇಕಾಯಿತು. ಆಗಲೂ ಅದು ಸೇರಿದ್ದು ಘಾಟಕೋಪರವನ್ನು, ಕುರ್ಲಾವನ್ನಲ್ಲ.

ನಷ್ಟದ ರೈಲನ್ನು ಎಷ್ಟು ದಿನ ಸಾಕಬೇಕೆಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರವೂ ಅದೇ ದಾರಿಯಲ್ಲಿದೆ. ಕುರ್ಲಾದಿಂದ ಚೆಂಬೂರಿನ ಕಡೆಗಿನ ಹಳಿಯನ್ನು ಕೀಳಲಿಲ್ಲ. ಆ ಸೀಮೆಯೂ ಆಗ ಬಯಲೇ ಆಗಿತ್ತು. ಉಳಿದ ಆ ಹಳಿ ಮಾನಖುರ್ದಕ್ಕೆ ಬೆಳೆದು, 1992ರಲ್ಲಿ ಖಾಡಿ ದಾಟಿ ವಾಶಿ ಮುಟ್ಟಿತು. ಇಂದು ನವಿ ಮುಂಬಯಿಯ ದುಡಿಯುವ ಜನರಿಗೆ ಅದೇ ಹೆಬ್ಬಾಗಿಲು. ಒಂದೇ ದಾರಿಯ ಎರಡು ತುಂಡು: ಇಟ್ಟುಕೊಂಡದ್ದು ಮರವಾಯಿತು, ಕಿತ್ತದ್ದು ಕಥೆಯಾಯಿತು. ಊರು ಬೆಳೆದ ಮೇಲೆ ರೈಲು ಬರುವುದಲ್ಲ, ರೈಲು ಬಂದ ಮೇಲೆ ಊರು ಬೆಳೆಯುವುದು. ತೆಂಗಿನ ಸಸಿ ಆರು ತಿಂಗಳಲ್ಲಿ ಕಾಯಿ ಬಿಡಲಿಲ್ಲವೆಂದು ಬುಡ ಕಡಿಯುವ ರೈತ ನಮ್ಮ ಕಡೆ ಇಲ್ಲ.

ಕೊಲಾಬಾದ ಕಥೆಯೂ ಇಂಥದೇ. 1928ರ ಜನವರಿಯಲ್ಲಿ ಕೊಲಾಬಾದಿಂದ ಬೋರಿವಲಿಗೆ ವಿದ್ಯುತ್ ಗಾಡಿ ಬಂತು. ಮೂರು ವರ್ಷ ತುಂಬುವ ಮೊದಲೇ, 1930ರ ಕೊನೆಯ ದಿನ, ಕೊಲಾಬಾ ನಿಲ್ದಾಣಕ್ಕೆ ಬೀಗ ಬಿತ್ತು. ಚರ್ಚಗೇಟಿನಿಂದಾಚೆಯ ಆ ತುದಿಗೆ, ಕಫ್ ಪರೇಡಿಗೆ, ನೆಲದಡಿಯ ಮೆಟ್ರೋ ಮುಟ್ಟಿದ್ದು 2025ರ ಅಕ್ಟೋಬರಿನಲ್ಲಿ.

ಬಂಧುಗಳೇ, ಹಳೆಯ ಹಳಿಗಾಗಿ ಅತ್ತು ಫಲವಿಲ್ಲ. ಇದರಿಂದ ನಾವು ಕಲಿಯಬೇಕಾದ ಪಾಠ ಬೇರೆ. ಮೊದಲನೆಯದು, ರೈಲಿನ ನೆಲ ಒಮ್ಮೆ ಕೈಬಿಟ್ಟರೆ ತಿರುಗಿ ಸಿಗದು. ಗಿರಣಿಯ ನೆಲ ಹೇಗೆ ಗಗನಚುಂಬಿಗಳ ಪಾಲಾಯಿತೆಂದು ಕಣ್ಣಾರೆ ಕಂಡವರು ನಾವು. ಎರಡನೆಯದು, ಒಂದು ನಿಲ್ದಾಣದ ಉಪಯೋಗವನ್ನು ಟಿಕೇಟಿನ ಹುಟ್ಟುವಳಿಯಿಂದ ಮಾತ್ರ ಅಳೆಯಬಾರದು. ಅಲ್ಲಿ ಇಳಿಯುವವನ ಉಳಿದ ನಿದ್ದೆಯಿಂದಲೂ ಅಳೆಯಬೇಕು. ಮೂರನೆಯದು, ಗಾಡಿಯ ವೇಳೆ ದುಡಿಯುವವನ ವೇಳೆಗೆ ಹೊಂದಬೇಕು. ಗಿರಾಕಿ ಎದ್ದು, ಪಾತ್ರೆ ತೊಳೆದು, ಬಾಗಿಲೆಳೆಯುವ ತನಕ ಕೊನೆಯ ಮೆಟ್ರೋ ಕಾಯುವುದಿಲ್ಲ. ಹೋಟೆಲು ಕೆಲಸಗಾರನಿಗೆ ದಕ್ಕದ ಮೆಟ್ರೋ ಎಷ್ಟು ಹೊಳೆದರೇನು?

ಹೊಸ ದಾರಿಗಳ ವಿಷಯದಲ್ಲಿ ಸರಕಾರ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಬಂಗಲೆಯವರ ಅರ್ಜಿ ಮೊದಲು ತಲಪುತ್ತದೆ. ನಮ್ಮದೂ ತಲಪಲಿ. ಯಾವ ಹೊತ್ತಿಗೆ ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ, ಎಲ್ಲಿ ಗಾಡಿ ನಿಲ್ಲಬೇಕು ಎಂದು ಬರೆದು ರುಜು ಹಾಕಿ. ಬರೆಯಲಾರದವರಿಗೆ ಪಕ್ಕದ ಖೋಲಿಯವನು ಬರೆದುಕೊಡಲಿ. 1934ರಲ್ಲಿ ಹಳಿ ಕಿತ್ತಾಗ ಕೇಳಲು ನಾವಿರಲಿಲ್ಲ, ಇಂದು ಇದ್ದೇವೆ.