ತಳಿಯೊಂದೇ ಸಾಲದು, ತೂಬಿನ ಕಡೆಗೂ ಗಮನವಿರಲಿ



“ನೂಲಿನಂತೆ ಸೀರೆ, ತಾಯಿಯಂತೆ ಮಗಳು” ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಹಸು ಕೊಳ್ಳುವಾಗ ಅದರ ತಾಯಿ ಎಷ್ಟು ಹಾಲು ಕೊಡುತ್ತಿತ್ತೆಂದು ಕೇಳುತ್ತೇವೆ. ಕೃತಕ ಗರ್ಭಧಾರಣೆ ಮಾಡಿಸುವಾಗ ಯಾವ ಹೋರಿಯದೆಂದು ವಿಚಾರಿಸುತ್ತೇವೆ. ಇದು ಸರಿಯಾದ ಕ್ರಮವೇ. ಆದರೆ ತಳಿ ಒಳ್ಳೆಯದಾದರೆ ಉಳಿದದ್ದೆಲ್ಲ ತಾನಾಗಿ ಆಗುತ್ತದೆಂಬ ನಂಬಿಕೆಯೂ ಇದರ ಜೊತೆಗೆ ಬೇರೂರಿದೆ. ಅದನ್ನು ಬೆಳೆಸಿದವರಲ್ಲಿ ನಾನೂ ಒಬ್ಬ. ಅದನ್ನು ತಿದ್ದುವ ಸಲುವಾಗಿಯೇ ಈ ಲೇಖನ.

ಕೆಲವು ವರ್ಷಗಳ ಹಿಂದೆ ನನ್ನ ವ್ಯಾಪ್ತಿಯ ರೈತರೊಬ್ಬರು ಸಭೆಯಲ್ಲಿ ನಾನಾಡಿದ ಮಾತು ಕೇಳಿ, ತಮ್ಮ ಹಸುವಿಗೆ ಉತ್ತಮ ಹೋರಿಯ ವೀರ್ಯ ಕೊಡಿಸಿದರು. ಬಯಸಿದಂತೆ ಹೆಣ್ಣು ಕರುವೇ ಹುಟ್ಟಿತು. ಆ ಸಂತೋಷದಲ್ಲಿ ಗಿಣ್ಣು ಹಾಲು ಬೀದಿಯ ಮನೆಗಳಿಗೆಲ್ಲ ಹಂಚಿಹೋಯಿತು. ಕರುವಿಗೆ ಸಿಕ್ಕಿದ್ದು ನಾಲ್ಕು ಗುಟುಕು. ಬಡಕಲಾಗಿಯೇ ಬೆಳೆದ ಕಡಸು ನಾಲ್ಕು ವರ್ಷಕ್ಕೆ ಮೊದಲ ಕರು ಹಾಕಿತು. ವಾರದೊಳಗೆ ಕೆಚ್ಚಲು ಬಾವು ಬಂದು ಒಂದು ಮೊಲೆ ಬತ್ತಿತು. ಹನ್ನೆರಡು ಲೀಟರು ಎದುರು ನೋಡಿದ್ದವರಿಗೆ ನಾಲ್ಕು ಲೀಟರು ಸಿಕ್ಕಿತು. ಮಗಳ ಮದುವೆಯ ಸಾಲಕ್ಕೆ ಹಾಲಿನ ದುಡ್ಡನ್ನೇ ನೆಚ್ಚಿದ್ದರು. “ಸಾರ್, ನೀವು ಹೇಳಿದ ತಳೀನೇ ತಾನೇ ಹಾಕಿಸಿದ್ದು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಸಭೆಯಲ್ಲಿ ಹೋರಿಯ ವಿಷಯವಾಗಿ ಒಂದು ಗಂಟೆ ಮಾತನಾಡಿದ್ದ ನಾನು ಕೊಟ್ಟಿಗೆಯ ವಿಷಯವಾಗಿ ಐದು ನಿಮಿಷವನ್ನೂ ಕೊಟ್ಟಿರಲಿಲ್ಲ.

ನಾನು ಪಶುವೈದ್ಯನಲ್ಲ, ಕೃಷಿ ಓದಿದವನು. ಆದರೂ ಆ ಪ್ರಶ್ನೆ ಕಾಡಿದ್ದರಿಂದ, ತಳಿಗುಣ ಜೀವಕೋಶದೊಳಗೆ ಹೇಗೆ ಕೆಲಸ ಮಾಡುತ್ತದೆಂದು ಓದತೊಡಗಿದೆ. ಅಲ್ಲಿ ತಿಳಿದದ್ದನ್ನು ನಿಮಗೂ ಹೇಳಬೇಕು.

ಹಸುವಿನ ವಂಶವಾಹಿಗಳ ಪೂರ್ಣ ನಕ್ಷೆ 2009ರಲ್ಲಿ ಪ್ರಕಟವಾಯಿತು. ಅದರಲ್ಲಿ ಎಣಿಸಿದ ವಂಶವಾಹಿಗಳು ಸುಮಾರು 22,000. ಕೆಚ್ಚಲಿನ ಕೋಶದಲ್ಲಿಯೂ ಕಾಲಿನ ಮಾಂಸದ ಕೋಶದಲ್ಲಿಯೂ ಇರುವುದು ಅವೇ ವಂಶವಾಹಿಗಳು. ಆದರೂ ಒಂದು ಕಡೆ ಹಾಲು ಇಳಿಯುತ್ತದೆ, ಇನ್ನೊಂದು ಕಡೆ ಮಾಂಸ ಬೆಳೆಯುತ್ತದೆ. ಯಾವ ವಂಶವಾಹಿ ಎಲ್ಲಿ, ಯಾವಾಗ, ಎಷ್ಟು ಕೆಲಸ ಮಾಡಬೇಕೆಂಬ ಹತೋಟಿ ಇರುವುದರಿಂದಲೇ ಹೀಗಾಗುತ್ತದೆ. ಈ ಹತೋಟಿ ಹಲವು ಬಗೆಯದು. ಅದರಲ್ಲಿ ಒಂದು ಪಾಲು ಸೂಕ್ಷ್ಮ ಆರ್‌ಎನ್‌ಎ ಎಂಬ ಅತಿ ಸಣ್ಣ ಅಣುಗಳದು. 1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಇವನ್ನು ಒಂದು ಮಿಲಿಮೀಟರು ಉದ್ದದ ಹುಳುವಿನಲ್ಲಿ ಕಂಡುಹಿಡಿದರು. ಅದಕ್ಕಾಗಿ 2024ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಹಸುವಿನಲ್ಲಿ ಇಂಥವು ಸಾವಿರದಷ್ಟು ಗುರುತಾಗಿವೆ.

ಇವುಗಳ ಕೆಲಸ ತಿಳಿಯಲು ನಮ್ಮ ಹಳೆಯ ಕೆರೆಗಳ ನೀರುಗಂಟಿಯನ್ನು ನೆನೆಯಿರಿ. ವಂಶವಾಹಿಯೆಂದರೆ ಕೆರೆ. ಅದರಿಂದ ಹೊರಡುವ ಸಂದೇಶ, ಅಂದರೆ ದೂತ ಆರ್‌ಎನ್‌ಎ, ಕಾಲುವೆಯ ನೀರು. ಆ ಸಂದೇಶದಂತೆ ತಯಾರಾಗುವ ಪ್ರೋಟೀನು ಗದ್ದೆಯ ಬೆಳೆ. ನೀರುಗಂಟಿ ಕೆರೆಗೆ ನೀರು ತುಂಬಿಸುವವನಲ್ಲ, ಬರಿದು ಮಾಡುವವನೂ ಅಲ್ಲ. ಕಾಲುವೆಗೆ ಮಣ್ಣು ಕೊಟ್ಟು ಯಾವ ಗದ್ದೆಗೆ ಎಷ್ಟು ನೀರೆಂದು ನಿರ್ಧರಿಸುತ್ತಾನೆ. ಸುಮಾರು 22 ಅಕ್ಷರಗಳ ಉದ್ದವಿರುವ ಸೂಕ್ಷ್ಮ ಆರ್‌ಎನ್‌ಎ ಕೂಡ ತನಗೆ ಹೊಂದುವ ಸಂದೇಶಕ್ಕೆ ಅಂಟಿಕೊಂಡು ಅದನ್ನು ತಡೆಯುತ್ತದೆ, ಇಲ್ಲವೇ ನಾಶವಾಗುವಂತೆ ಮಾಡುತ್ತದೆ. ಒಂದೇ ಸೂಕ್ಷ್ಮ ಆರ್‌ಎನ್‌ಎ ಹಲವು ವಂಶವಾಹಿಗಳನ್ನು ಕಾಯಬಲ್ಲದು.

ಇದರ ಶಕ್ತಿ ಎಷ್ಟೆಂಬುದಕ್ಕೆ ನ್ಯೂಜಿಲೆಂಡಿನ ಒಂದು ಪ್ರಯೋಗ ಸಾಕ್ಷಿ. ಹಸುವಿನ ಹಾಲಿನಲ್ಲಿರುವ ಬೀಟಾ ಲ್ಯಾಕ್ಟೋಗ್ಲಾಬ್ಯುಲಿನ್ ಎಂಬ ಪ್ರೋಟೀನು ಕೆಲವು ಮಕ್ಕಳಿಗೆ ಒಗ್ಗುವುದಿಲ್ಲ. ಅದನ್ನು ತಡೆಯುವ ಎರಡು ಸೂಕ್ಷ್ಮ ಆರ್‌ಎನ್‌ಎಗಳು ಕೆಚ್ಚಲಿನಲ್ಲಿ ತಯಾರಾಗುವಂಥ ಒಂದು ಕರುವನ್ನು ಅಲ್ಲಿನ ವಿಜ್ಞಾನಿಗಳು ಪಡೆದರು. 2012ರಲ್ಲಿ ಪ್ರಕಟವಾದ ಅವರ ವರದಿಯಂತೆ, ಆ ಹಾಲಿನಲ್ಲಿ ಈ ಪ್ರೋಟೀನು ಕಾಣಲೇ ಇಲ್ಲ. ಕೇಸೀನ್ ಪ್ರಮಾಣ ಎರಡು ಪಟ್ಟಿಗೂ ಹೆಚ್ಚಿತು. ಅಷ್ಟೇ ಅಲ್ಲ, ಕರು ಬಾಲವಿಲ್ಲದೆ ಹುಟ್ಟಿತು. ಇಂಥ ಹಸು ನಾಳೆಯೇ ನಮ್ಮ ಸಂತೆಗೆ ಬರುವುದೆಂದು ನಾನು ಹೇಳುತ್ತಿಲ್ಲ. ಕಾಲುವೆಯಲ್ಲಿ ಒಂದು ತಡೆ ಇಟ್ಟರೆ ಹಾಲಿನ ಗುಣವೇ ಬದಲಾಗುತ್ತದೆ ಎಂಬುದಷ್ಟೇ ಇಲ್ಲಿ ಮುಖ್ಯ.

ಪ್ರಯೋಗಾಲಯದ ಈ ಮಾತಿಗೂ ನಿಮ್ಮ ಕೊಟ್ಟಿಗೆಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ. ಈ ನೀರುಗಂಟಿ ಹೊರಗಿನ ಸ್ಥಿತಿಯನ್ನು ನೋಡಿಯೇ ಕೆಲಸ ಮಾಡುವವನು. ಕೆನಡಾದಲ್ಲಿ ಹಸುಗಳ ಆಹಾರಕ್ಕೆ ಅಗಸೆ ಎಣ್ಣೆ ಸೇರಿಸಿದಾಗ ಕೆಚ್ಚಲಿನ ಸೂಕ್ಷ್ಮ ಆರ್‌ಎನ್‌ಎಗಳ ಪ್ರಮಾಣ ಬದಲಾಯಿತು. ಫ್ರಾನ್ಸಿನಲ್ಲಿ ಹಾಲು ಕೊಡುವ ಆಡುಗಳನ್ನು ಎರಡು ದಿನ ಉಪವಾಸವಿಟ್ಟಾಗಲೂ ಹಾಗೆಯೇ ಆಯಿತು. ಕೆಚ್ಚಲಿಗೆ ರೋಗಾಣು ಹೊಕ್ಕಾಗ ಹಾಲಿನಲ್ಲಿ ಕೆಲವು ಸೂಕ್ಷ್ಮ ಆರ್‌ಎನ್‌ಎಗಳು ಏರುವುದನ್ನು ಹಲವು ದೇಶಗಳಲ್ಲಿ ಕಂಡಿದ್ದಾರೆ. ಗಿಣ್ಣು ಹಾಲಿನಲ್ಲಿ ಇವು ಮಾಮೂಲಿ ಹಾಲಿಗಿಂತ ಹೆಚ್ಚು. ಕರುವಿನ ಹೊಟ್ಟೆ ಸೇರಿದ ಮೇಲೆ ಅವು ಏನು ಮಾಡುತ್ತವೆಂಬುದು ಇನ್ನೂ ಚರ್ಚೆಯ ವಿಷಯ. ಆದರೆ ಗಿಣ್ಣಿನ ರೋಗನಿರೋಧಕ ಶಕ್ತಿಯಲ್ಲಿ ಸಂಶಯವಿಲ್ಲ.

ಆ ರೈತರ ಕಡಸು ಕೆಟ್ಟದ್ದಕ್ಕೆಲ್ಲ ಸೂಕ್ಷ್ಮ ಆರ್‌ಎನ್‌ಎಯೇ ಕಾರಣವೆಂದರೆ ತಪ್ಪಾಗುತ್ತದೆ. ಹಸಿವು, ರೋಗ, ಕೊಳಕು ಇವು ಹತ್ತು ದಾರಿಗಳಿಂದ ಹಾನಿ ಮಾಡುತ್ತವೆ. ಆದರೆ ಒಳ್ಳೆಯ ತಳಿಯನ್ನು ತಂದರೂ ಅದರ ಗುಣ ಹೊರಬರುವ ದಾರಿ ತೆರೆದಿರಬೇಕು, ಆ ದಾರಿಯ ಒಂದು ತುದಿ ನಮ್ಮ ಕೈಯಲ್ಲಿದೆ ಎಂಬುದು ಈಗ ಸ್ಪಷ್ಟ.

ಆದ್ದರಿಂದ ನನ್ನ ಅಭಿಪ್ರಾಯ ಇದು: ವೀರ್ಯದ ಆಯ್ಕೆಗೆ ಕೊಡುವಷ್ಟೇ ಗಮನವನ್ನು ಕೊಟ್ಟಿಗೆಗೂ ಕೊಡಬೇಕು. ಕರು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಕುಡಿಸಲು ತೊಡಗಿ. ಮೊದಲ ದಿನ ಕರುವಿನ ತೂಕದ ಹತ್ತರಲ್ಲೊಂದು ಪಾಲು ಅದರ ಹೊಟ್ಟೆ ಸೇರಲಿ. ನೆಂಟರಿಷ್ಟರ ಪಾಲು ಆಮೇಲೆ. ಮುಂದಿನ ಕರು ಹಾಕುವ ಎರಡು ತಿಂಗಳ ಮೊದಲು ಹಾಲು ಬತ್ತಿಸಿ. ಹಾಲಿಲ್ಲವೆಂದು ಹಸಿರು ಮೇವು, ಖನಿಜ ಮಿಶ್ರಣಗಳನ್ನು ಕಡಿಮೆ ಮಾಡಬೇಡಿ. ಹಾಲು ಕರೆದ ಮೇಲೆ ಮೊಲೆ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ.

ಇನ್ನೊಂದು ಮಾತು ಡೇರಿ ನಡೆಸುವವರಿಗೆ. ಹಾಲಿನ ಫ್ಯಾಟು, ಡಿಗ್ರಿ ನೋಡಿ ದರ ಕಟ್ಟುತ್ತೀರಿ. ಆ ಹಾಲು ಬಂದ ಕೆಚ್ಚಲಿನ ಆರೋಗ್ಯವನ್ನು ನೋಡುವವರಾರು? ಸೂಕ್ಷ್ಮ ಆರ್‌ಎನ್‌ಎ ಅಳೆದು ಬಾವನ್ನು ಮೊದಲೇ ಹೇಳುವ ಪರೀಕ್ಷೆ ಹಳ್ಳಿಗೆ ಬರುವವರೆಗೆ ಕಾಯಬೇಕಾಗಿಲ್ಲ. ನಾಲ್ಕು ಗುಳಿಗಳ ಹಲಗೆಯಲ್ಲಿ ನಾಲ್ಕು ಮೊಲೆಗಳ ಹಾಲನ್ನು ಬೇರೆ ಬೇರೆ ಕರೆದು, ದ್ರಾವಣ ಬೆರೆಸಿ ಅಲ್ಲಾಡಿಸುವ ಸಿ.ಎಂ.ಟಿ. ಪರೀಕ್ಷೆ ಈಗಲೇ ಇದೆ. ಹಾಲು ಗಟ್ಟಿಯಾಗಿ ಲೋಳೆಯಂತಾದರೆ ಕಣ್ಣಿಗೆ ಕಾಣದ ಬಾವು ಇದೆಯೆಂದು ಅರ್ಥ. ಪ್ರತಿ ಡೇರಿಯಲ್ಲೂ ತಿಂಗಳಿಗೊಂದು ದಿನವನ್ನು ಇದಕ್ಕೆ ಮೀಸಲಿಡಬೇಕು.

ಆ ರೈತರು ಹಸುವನ್ನು ಅರ್ಧ ಬೆಲೆಗೆ ಮಾರಿದರು. ಅದು ಹಾಕಿದ ಹೆಣ್ಣು ಕರುವನ್ನು ಮಾತ್ರ ಉಳಿಸಿಕೊಂಡಿದ್ದರು. ಕಳೆದ ಸಲ ಅವರ ಮನೆಗೆ ಹೋದಾಗ ಆ ಕರು ಬೆಳೆದು ಗಬ್ಬವಾಗಿತ್ತು. “ಈ ಸಲ ಗಿಣ್ಣು ಯಾರಿಗೂ ಇಲ್ಲ ಸಾರ್” ಎಂದರು. ಅದೇ ತಾಯಿಯ ಮಗಳು, ಅದೇ ನೂಲು. ನೇಯ್ಗೆ ಈ ಸಲ ಚೆನ್ನಾಗಿರಲಿ.