ಹಳೆಯ ಗಣಕಯಂತ್ರದ ಹೂಳು ತೆಗೆಯುವ ಮುನ್ನ

ಬೇತಮಂಗಲದಲ್ಲಿ ಪಾಲಾರ್ ನದಿಯ ನೀರನ್ನು ಹಿಡಿದಿಡುವ ದೊಡ್ಡ ಕೆರೆಯನ್ನು ಅರಿಯದವರು ಕೋಲಾರದ ಸೀಮೆಯಲ್ಲಿ ವಿರಳ. ಚಿನ್ನದ ಗಣಿಗಳ ಊರಿಗೆ ಬಹುಕಾಲ ನೀರನ್ನು ಒದಗಿಸಿದ ಕೆರೆಯಿದು. ಗಣಿಗಳು 2001ರಲ್ಲಿ ಮುಚ್ಚಿದವು; ಕೆರೆ ಉಳಿದಿದೆ. ಇಂತಹ ಕೆರೆಯ ಹೂಳೆತ್ತುವವರು ಮಣ್ಣನ್ನಷ್ಟೇ ಹೊರಹಾಕುತ್ತಾರೆ. ಏರಿಯನ್ನು ಕೆಡಿಸುವುದಿಲ್ಲ, ತೂಬನ್ನು ಕೀಳುವುದಿಲ್ಲ. ಮನೆಯ ಹಳೆಯ ಗಣಕಯಂತ್ರವನ್ನು ಚೊಕ್ಕಟಗೊಳಿಸಲು ಹೊರಟವರಿಗೂ ಇದೇ ನಿಯಮ ಅನ್ವಯಿಸುತ್ತದೆ.

ವಿಂಡೋಸ್ 98 ಅಥವಾ ಎಕ್ಸ್‌ಪಿ ಇರುವ ಯಂತ್ರವೊಂದು ಈಗಲೂ ಕೆಲವು ಮನೆಗಳ ಮೂಲೆಯಲ್ಲಿದೆ. ಮೊದಲನೆಯದಕ್ಕೆ 2006ರಲ್ಲಿ, ಎರಡನೆಯದಕ್ಕೆ 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಬೆಂಬಲ ನಿಂತಿತು. ಹಾರ್ಡ್ ಡಿಸ್ಕ್ ತುಂಬಿ ಯಂತ್ರ ನಿಧಾನವಾದಾಗ, 'ಪ್ರೋಗ್ರಾಂ ಫೈಲ್ಸ್' ಎಂಬ ಕಡತಕೋಶವನ್ನು ತೆರೆದು ಪರಿಚಯವಿಲ್ಲದ ಹೆಸರುಗಳನ್ನೆಲ್ಲ ಅಳಿಸುವ ಆತುರ ಸಹಜ. ಆದರೆ ತಂತ್ರಾಂಶವೊಂದರ ಭಾಗಗಳೆಲ್ಲವೂ ಆ ಕೋಶದೊಳಗೇ ಇರುವುದಿಲ್ಲ. ಹಲವು ತಂತ್ರಾಂಶಗಳು ಹಂಚಿಕೊಂಡ ಕಡತಗಳು ವಿಂಡೋಸ್ ಕೋಶದಲ್ಲಿರುತ್ತವೆ. ಅವುಗಳ ವಿಳಾಸ ಮತ್ತು ವ್ಯವಸ್ಥೆಯ ವಿವರ 'ರಿಜಿಸ್ಟ್ರಿ' ಎಂಬ ದಫ್ತರದಲ್ಲಿರುತ್ತದೆ. ಕೋಶವನ್ನು ಕೈಯಿಂದ ಅಳಿಸಿದರೆ ಬೇರುಗಳು ಉಳಿಯುತ್ತವೆ. ಬೇರೆಡೆಗೆ ಸರಿಸಿದರೆ ತಂತ್ರಾಂಶ ತೆರೆಯದೇ ಹೋಗಬಹುದು. ಆದುದರಿಂದ ಕಂಟ್ರೋಲ್ ಪ್ಯಾನೆಲ್‌ನ 'ಆ್ಯಡ್ ಆರ್ ರಿಮೂವ್ ಪ್ರೋಗ್ರಾಮ್ಸ್' ಮೂಲಕವೇ ತೆಗೆಯುವುದು ಉಚಿತ. ಹಂಚಿಕೆಯ ಕಡತವನ್ನೂ ಅಳಿಸಲೇ ಎಂದು ಯಂತ್ರ ಕೇಳಿದಾಗ ಸಂದೇಹವಿದ್ದರೆ 'ಬೇಡ' ಎನ್ನಿರಿ. ಒಪ್ಪವಾಗಿ ಜೋಡಿಸುವ ಆಸೆಯಿದ್ದರೆ ಸ್ಟಾರ್ಟ್ ಮೆನುವಿನ ಶಾರ್ಟ್‌ಕಟ್‌ಗಳನ್ನು ವಿಂಗಡಿಸಿಕೊಳ್ಳಿರಿ. ಅವು ಕೇವಲ ದಾರಿ ತೋರುವ ಫಲಕಗಳು; ಸ್ಥಳ ಬದಲಿಸಿದರೆ ಹಾನಿಯಿಲ್ಲ.

ಕನ್ನಡಿಗರ ಮನೆಗಳಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಅನಂತರ ಬಳಕೆಗೆ ಬಂದಿತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ, ಹಳೆಯ ಬರಹ ಮತ್ತು ನುಡಿಯ ಕಡತಗಳಲ್ಲಿ ಬಹುಪಾಲು ಆಯಾ ಅಕ್ಷರಶೈಲಿಯನ್ನೇ ಅವಲಂಬಿಸಿವೆ. ಆ ಫಾಂಟುಗಳನ್ನು ಅಳಿಸಿದರೆ ಕಡತ ನಾಶವಾಗುವುದಿಲ್ಲ. ಆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಅಜ್ಜ ಬೆರಳಚ್ಚಿಸಿದ ವಂಶಾವಳಿ, ಮಗಳ ಲಗ್ನಪತ್ರಿಕೆ, ಜಮೀನಿನ ಲೆಕ್ಕ ಎಲ್ಲವೂ ಮನೆಯಲ್ಲಿದ್ದೂ ಇಲ್ಲದಂತಾಗುತ್ತವೆ.

ಆದುದರಿಂದ ಕ್ರಮ ಹೀಗಿರಲಿ. ಮೊದಲು ಮನೆಯವರೇ ಬರೆದ ಕಡತಗಳನ್ನೂ ಚಿತ್ರಗಳನ್ನೂ ಬೇರೆಡೆಗೆ ಪ್ರತಿ ಮಾಡಿರಿ. ವಿಂಡೋಸ್ 98 ಪೆನ್ ಡ್ರೈವನ್ನು ತಾನಾಗಿ ಗುರುತಿಸದಿರುವುದುಂಟು. ಆಗ ಬಲ್ಲವರಿಂದ ಡಿಸ್ಕನ್ನೇ ಬೇರೆ ಯಂತ್ರಕ್ಕೆ ಜೋಡಿಸಿ ಪ್ರತಿ ತೆಗೆಸಬಹುದು. ಜೊತೆಗೆ ವಿಂಡೋಸ್ ಕೋಶದೊಳಗಿನ 'ಫಾಂಟ್ಸ್'ನಿಂದ ಕನ್ನಡ ಫಾಂಟುಗಳನ್ನೂ ತೆಗೆದಿಡಿರಿ. ಬಳಿಕ ಪರಿವರ್ತಕದ ನೆರವಿನಿಂದ ಕಡತಗಳನ್ನು ಯೂನಿಕೋಡ್‌ಗೆ ತನ್ನಿರಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವೊತ್ತುಗಳು ತಪ್ಪುವುದುಂಟು. ಒಬ್ಬರು ಹಳೆಯದನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಹೊಸದನ್ನು ತಿದ್ದಲಿ. ಮನೆಯ ಹಿರಿಯರಿಗೂ ಮಕ್ಕಳಿಗೂ ಇದೊಂದು ಒಳ್ಳೆಯ ಸಂಜೆಯ ಕೆಲಸ. ಆಟಗಳನ್ನೂ ಬಳಸದ ತಂತ್ರಾಂಶಗಳನ್ನೂ ತೆಗೆಯುವುದು ಕಟ್ಟಕಡೆಯ ಹೆಜ್ಜೆ.

ಅಳಿಸಿದ ತಂತ್ರಾಂಶದ ಪ್ರತಿ ಮತ್ತೊಂದು ಎಲ್ಲಿಯಾದರೂ ಸಿಕ್ಕೀತು. ಮನೆಯ ವಂಶಾವಳಿಗೆ ಎರಡನೆಯ ಪ್ರತಿ ಇರುವುದು, ನಾವು ಮಾಡಿಟ್ಟರೆ ಮಾತ್ರ.