ಅಂಗೈ ಉರಿಗೆ ಯಾರು ಹೊಣೆ?

ಕೆಪೆಸಿಟಾಬಿನ್ ಎಂಬ ಕ್ಯಾನ್ಸರ್ ಗುಳಿಗೆಗೆ ಆಸ್ಪತ್ರೆಯ ಹಾಸಿಗೆ ಬೇಕಿಲ್ಲ. ಸ್ತನ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಎರಡು ವಾರ ನುಂಗಿ ಒಂದು ವಾರ ಬಿಡುವ ಈ ಔಷಧಿಯನ್ನು ಬೆಂಗಳೂರಿನ ರಾಜಾಜಿನಗರದ, ಕೆಂಗೇರಿಯ ಮನೆಯಲ್ಲೇ ತೆಗೆದುಕೊಳ್ಳಬಹುದು. ಅನುಕೂಲವೇನೋ ಹೌದು. ಆದರೆ ಅದರಿಂದ ಅಂಗೈ, ಅಂಗಾಲು ಕೆಂಡ ಮುಟ್ಟಿದಂತೆ ಉರಿದು, ಸುಲಿದು, ಬಿರಿಯುವುದೂ ಮನೆಯಲ್ಲೇ. ಅಲ್ಲಿ ನರ್ಸ್ ಇರುವುದಿಲ್ಲ. ಬೀದಿ ಮೂಲೆಯ ಮೆಡಿಕಲ್ ಸ್ಟೋರ್‌ನಲ್ಲಿ ಕೈ ತೋರಿಸಿದರೆ ಅಲರ್ಜಿಯ ಟ್ಯೂಬ್ ಸಿಕ್ಕೀತು, ಅಷ್ಟೆ.

‘ಜೀವ ಉಳಿದರೆ ಸಾಕು, ಚರ್ಮದ ಮಾತೇಕೆ’ ಎನ್ನುವವರೇ ಹೆಚ್ಚು. ಇದು ತಪ್ಪು ಲೆಕ್ಕ. ಉರಿ ಮಿತಿಮೀರಿದರೆ ವೈದ್ಯರು ಗುಳಿಗೆಯ ಪ್ರಮಾಣ ಇಳಿಸಬೇಕಾಗುತ್ತದೆ, ಇಲ್ಲವೇ ಕೆಲಕಾಲ ನಿಲ್ಲಿಸಬೇಕಾಗುತ್ತದೆ. ಚರ್ಮ ಸೋತರೆ ಚಿಕಿತ್ಸೆಯೇ ಕುಂಟುತ್ತದೆ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳಿಗೆ, ಲೇತ್ ಹಿಡಿಯುವ ಕಾರ್ಮಿಕನಿಗೆ ಬೆರಳೇ ಸಂಬಳ. ಬೆರಳಿನ ಗೆರೆಗಳೂ ಅಳಿಸಿಹೋಗಬಹುದು. ಇದೇ ಗುಳಿಗೆ ನುಂಗುತ್ತಿದ್ದ ಸಿಂಗಪುರದ ರೋಗಿಯೊಬ್ಬರನ್ನು ಬೆರಳಚ್ಚು ಮೂಡಲಿಲ್ಲವೆಂದು ಅಮೆರಿಕದ ವಿಮಾನ ನಿಲ್ದಾಣದಲ್ಲಿ ತಡೆದದ್ದನ್ನು ಸಿಂಗಪುರದ ವೈದ್ಯರು 2009ರಲ್ಲಿ ವರದಿ ಮಾಡಿದ್ದರು. ನಮ್ಮವರಿಗೆ ಆ ಪರೀಕ್ಷೆ ಎದುರಾಗುವುದು ನ್ಯಾಯಬೆಲೆ ಅಂಗಡಿಯ ಹೆಬ್ಬೆಟ್ಟಿನ ಯಂತ್ರದ ಮುಂದೆ.

ಪರಿಹಾರ ದುಬಾರಿಯೇ? ಅಲ್ಲ. ದೆಹಲಿಯ ಏಮ್ಸ್ ವೈದ್ಯರು 264 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಮಂಡಿನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ಲನ್ನು ಕೈಗೆ ಹಚ್ಚಿಕೊಂಡವರಲ್ಲಿ ಮಧ್ಯಮ ಅಥವಾ ತೀವ್ರ ತೊಂದರೆ ಶೇ 3.8ರಷ್ಟು ಮಂದಿಗಷ್ಟೇ ಕಾಣಿಸಿತು. ಔಷಧವಿಲ್ಲದ ಜೆಲ್ ಹಚ್ಚಿದವರಲ್ಲಿ ಶೇ 15. (ವೈದ್ಯರನ್ನು ಕೇಳದೆ ಯಾರೂ ಹಚ್ಚಿಕೊಳ್ಳಬೇಡಿ.)

ನಮ್ಮ ಮನೆಗಳಲ್ಲಿ ‘ಕರೆಂಟು’ ಎನ್ನುವ ರೇಡಿಯೇಷನ್‌ನದು ಬೇರೆ ಪಾಡು. ಎರಡು–ಮೂರು ವಾರ ಕಳೆಯುವಷ್ಟರಲ್ಲಿ ಕುತ್ತಿಗೆಯ ಅಥವಾ ಎದೆಯ ಚರ್ಮ ಬಾಡತೊಡಗುತ್ತದೆ. ಪಠ್ಯಪುಸ್ತಕಗಳ ಚಿತ್ರಗಳು ಬಹುಪಾಲು ಬಿಳಿ ಚರ್ಮದವು. ನಮ್ಮ ಮೈಬಣ್ಣದಲ್ಲಿ ಕೆಂಪಿನ ಬದಲು ಕಪ್ಪು ಕಾಣುವುದೇ ಹೆಚ್ಚು. ಹಾಗಾಗಿ ನೋಡಿದರಷ್ಟೇ ಸಾಲದು, ಉರಿ ಇದೆಯೇ, ರಸ ಒಸರುತ್ತಿದೆಯೇ ಎಂದು ಕೇಳಬೇಕು. ‘ಕರೆಂಟು ಬಿದ್ದ ಜಾಗಕ್ಕೆ ನೀರು ಸೋಕಿಸಬಾರದು’ ಎಂಬ ನಂಬಿಕೆ ಇನ್ನೂ ಇದೆ. ಸೌಮ್ಯ ಸೋಪು, ಉಗುರುಬೆಚ್ಚಗಿನ ನೀರಿನಲ್ಲಿ ಉಜ್ಜದೆ ತೊಳೆದರೆ ತೊಂದರೆಯಿಲ್ಲ. ಅರಿಸಿನ, ಬೇವು ಅರೆದು ಮೆತ್ತುವ ಗೊಡವೆ ಬೇಡ.

1973ರಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇರುವುದು ಊರಿನ ಇನ್ನೊಂದು ಮಗ್ಗುಲಲ್ಲಿ. ಬಿರಿದ ಅಂಗಾಲಿನಲ್ಲಿ ಕೆಂಗೇರಿಯಿಂದ ಮೆಟ್ರೊ, ಬಸ್ಸು ಹತ್ತಿಳಿದು ‘ಬರೀ ಚರ್ಮ’ಕ್ಕಾಗಿ ಅಲ್ಲಿಗೆ ಹೋಗುವವರು ಕಡಿಮೆ. ಪಶ್ಚಿಮದ ಕಾರ್ಮಿಕರಿಗೆ ಹತ್ತಿರದ ರಾಜಾಜಿನಗರ ಇಎಸ್‌ಐ ಆಸ್ಪತ್ರೆಯಲ್ಲಿ ವಾರಕ್ಕೊಂದು ಮಧ್ಯಾಹ್ನವನ್ನು ಇಂಥವರಿಗೆ ಮೀಸಲಿಡಲಿ. ಯಾವುದೇ ಆಸ್ಪತ್ರೆಯಾಗಲಿ, ಮೊದಲ ಗುಳಿಗೆಯ ಜೊತೆಗೇ ಕನ್ನಡದ ಒಂದು ಹಾಳೆ, ಚರ್ಮ ಒಣಗದಂತೆ ಹಚ್ಚುವ ಕ್ರೀಮು, ಕರೆಗೆ ಓಗೊಡುವ ನರ್ಸ್‌ನ ಫೋನ್ ನಂಬರ್ ಕೊಡಲಿ. ಹೆಬ್ಬೆಟ್ಟು ಮೂಡದವರ ಪಡಿತರವನ್ನು ಆಹಾರ ಇಲಾಖೆ ವೈದ್ಯರ ಚೀಟಿಯ ಮೇಲೆ ಕೊಡಿಸಲಿ.